ಏಳು ಕಡೆ ನಿಧಾನ

ನಿಶ್ಮಿತಾಳಿಗೆ ಒಂದು ಅಭ್ಯಾಸವಿತ್ತು. ಪಿಯಾನೊದ ಮುಂದೆ ಕೂತು ಎಡಗೈಯಿಂದ ಒಂದು ಸ್ವರ ಒತ್ತುವಳು. ಒತ್ತಿದ ಕೂಡಲೇ ಬಲ ಅಂಗೈಯನ್ನು ಬಲಗಿವಿಯ ಮೇಲೆ ಮುಚ್ಚಿಕೊಳ್ಳುವಳು. ಮನೆಯಲ್ಲಿ ದಿನಕ್ಕೆ ಆರು ಗಂಟೆ ಹೆಡ್‌ಫೋನ್ ಹಾಕಿಕೊಂಡು ಕೂತು ಬಂದ ಅಭ್ಯಾಸ ಅದು. ಹೆಡ್‌ಫೋನ್ ಇಲ್ಲದ ಕಡೆಯೂ ಕೈ ತಾನಾಗಿ ಅಲ್ಲಿಗೆ ಹೋಗುತ್ತಿತ್ತು. ಬಸ್ಸಿನಲ್ಲಿ ಕಂಡಕ್ಟರ್ ಟಿಕೆಟ್ ಕೇಳಿದರೂ ಮೊದಲು ಕೈ ಕಿವಿಗೆ, ಆಮೇಲೆ ಪರ್ಸಿಗೆ.

ಅಂದು ಮಂಗಳವಾರ. ಎಸ್ತೇರ್ ಟೀಚರ ಮನೆಗೆ ಪಾಠಕ್ಕೆ ಬಂದು ಹತ್ತು ನಿಮಿಷವಾಗಿತ್ತು. ಒಂದೇ ಸ್ವರವನ್ನು ಒಂಬತ್ತು ಸಲ ಒತ್ತಿದ್ದಳು. ಒಂಬತ್ತು ಸಲವೂ ಕೈ ಕಿವಿಗೆ ಹೋಗಿತ್ತು.

“ಫೋನಿನಲ್ಲಿ ಯಾರು ಮಾರಾಯ್ತಿ?” ಎಂದರು ಟೀಚರ್.

ನಿಶ್ಮಿತಾ ನಗಲಿಲ್ಲ. ಕೈ ಇಳಿಸಿ ಮಡಿಲಲ್ಲಿ ಇಟ್ಟುಕೊಂಡಳು. ಆಮೇಲೆ ಕೇಳಿದಳು.

“ಟೀಚರ್, ಒಂದು ನಾದ ಇನ್ನೊಂದರ ಹಾಗೇ ಆಯಿತು ಅಂತ ಗೊತ್ತಾಗುವುದು ಯಾವಾಗ?”

ಎಸ್ತೇರ್ ಟೀಚರಿಗೆ ಎಪ್ಪತ್ತೆರಡು ವರ್ಷ. ನಲವತ್ತು ವರ್ಷದಿಂದ ಆ ಊರಿನವರಿಗೆ ಪಿಯಾನೊ ಕಲಿಸಿದವರು. ನಿಶ್ಮಿತಾ ಎಂಟನೇ ವಯಸ್ಸಿಗೆ ಅವರ ಹತ್ತಿರ ಬಂದವಳು. ಈಗ ಇಪ್ಪತ್ತಮೂರು. ಯಾರ ನಾದ ಎಂದು ಟೀಚರ್ ಕೇಳಲಿಲ್ಲ. ಅವರಿಗೆ ಗೊತ್ತಿತ್ತು.

ಎಪ್ಪತ್ತು ವರ್ಷದ ಹಿಂದೆ ಯಾವುದೋ ಚಳಿಯ ದೇಶದಲ್ಲಿ ಒಬ್ಬ ಹೆಂಗಸು ಪಿಯಾನೊ ನುಡಿಸಿದ್ದರು. ಅದರ ಕ್ಯಾಸೆಟ್ಟನ್ನು ನಿಶ್ಮಿತಾಳ ಹದಿನಾಲ್ಕನೇ ವಯಸ್ಸಿನಲ್ಲಿ ಟೀಚರೇ ಕೊಟ್ಟಿದ್ದರು. ಅಂದಿನಿಂದ ಅವಳಿಗೆ ಬೇರೆ ಪಿಯಾನೊ ಹಿಡಿಸಲಿಲ್ಲ. ಈಗ ಅವಳ ಲ್ಯಾಪ್‌ಟಾಪಿನಲ್ಲಿ ಒಂದು ಸಾಫ್ಟ್‌ವೇರ್ ಇದೆ. ಅದರಲ್ಲಿ ಬೇಕಾದ ಪಿಯಾನೊವನ್ನು ಕಟ್ಟಬಹುದು. ತಂತಿಗೆ ಹೊಡೆಯುವ ಸುತ್ತಿಗೆ ಗಟ್ಟಿಯೋ ಮೆದುವೋ, ಮುಚ್ಚಳ ಎಷ್ಟು ತೆರೆದಿದೆ, ಮೈಕು ಎಷ್ಟು ದೂರ, ಕೋಣೆ ಎಷ್ಟು ದೊಡ್ಡದು, ಪಿಯಾನೊ ಎಷ್ಟು ಹಳತು, ಎಲ್ಲವನ್ನೂ ಹೆಚ್ಚುಕಡಿಮೆ ಮಾಡಬಹುದು. ಆಮೇಲೆ ಕೀಬೋರ್ಡ್ ನುಡಿಸಿದರೆ ಆ ಪಿಯಾನೊ ಕೇಳುತ್ತದೆ. ನಿಶ್ಮಿತಾ ಆ ಕ್ಯಾಸೆಟ್ಟಿನ ಪಿಯಾನೊವನ್ನು ಕಟ್ಟುತ್ತಿದ್ದಳು.

ಕಟ್ಟುವುದಕ್ಕೆ ಒಂದು ಕಾರಣವಿತ್ತು. ದೂರದ ಒಂದು ಸಂಗೀತ ಕಾಲೇಜು ಹದಿನೈದು ನಿಮಿಷದ ರೆಕಾರ್ಡಿಂಗ್ ಕೇಳಿತ್ತು. ಅದನ್ನು ಕೇಳಿ ಶಿಷ್ಯರನ್ನು ಆರಿಸುತ್ತಾರೆ. ಕಳೆದ ವರ್ಷ ಅವಳು ಕಳಿಸಿರಲಿಲ್ಲ. ಇಪ್ಪತ್ತನಾಲ್ಕು ತುಂಬಿದವರನ್ನು ಅವರು ತೆಗೆದುಕೊಳ್ಳುವುದಿಲ್ಲ. ಬರುವ ಫೆಬ್ರವರಿಗೆ ಅವಳಿಗೆ ಇಪ್ಪತ್ತನಾಲ್ಕು. ಕೊನೆಯ ದಿನ ಶುಕ್ರವಾರ.

“ಎಷ್ಟು ಸಲ ಕಟ್ಟಿದೆ?” ಎಂದರು ಟೀಚರ್.

“ಇನ್ನೂರ ಹದಿಮೂರು.”

“ನನಗೆ ಒಂದೂ ಕೇಳಿಸಲಿಲ್ಲ.”

“ಆಗಲಿಲ್ಲವಲ್ಲ ಟೀಚರ್. ಆದ ಮೇಲೆ ಕೇಳಿಸುತ್ತೇನೆ.”

“ಕಾಲೇಜಿನವರಿಗೆ?”

“ಅದೂ ಆದ ಮೇಲೆ.”

“ಶುಕ್ರವಾರಕ್ಕೂ ಆಗದಿದ್ದರೆ?”

ನಿಶ್ಮಿತಾಳ ಕೈ ಕಿವಿಗೆ ಹೋಯಿತು.

“ಇದು ಎಂತದಕ್ಕೆ ಇರುವುದು ಮತ್ತೆ?” ಎಂದು ಟೀಚರ್ ಮುಂದಿದ್ದ ಪಿಯಾನೊದ ಮೈಯನ್ನು ತಟ್ಟಿದರು. “ನಿನ್ನ ಫೋನು ಇದರ ಮೇಲೆ ಇಡು. ನುಡಿಸು. ಕಳಿಸು.”

“ಇದರಲ್ಲಿ ನಡುವಿನ ಒಂದು ಕೀ ಗುಂಯ್ ಅನ್ನುತ್ತದೆ ಟೀಚರ್. ಹೊರಗೆ ಮೀನಿನವನ ಹಾರ್ನು ಬೇರೆ. ಮತ್ತೆ...” ಅವಳು ನಿಲ್ಲಿಸಿದಳು.

“ಮತ್ತೆ?”

“ಇದರಲ್ಲಿ ನುಡಿಸಿದರೆ ನುಡಿಸಿದ್ದು ನಾನೇ ಅಂತ ಗೊತ್ತಾಗುತ್ತದೆ.”

ಟೀಚರ್ ಕನ್ನಡಕ ತೆಗೆದು ಸೆರಗಿನಿಂದ ಒರೆಸಿದರು. ಹಾಕಿಕೊಳ್ಳಲಿಲ್ಲ. ಕೈಯಲ್ಲಿ ಹಿಡಿದುಕೊಂಡೇ ಹೇಳತೊಡಗಿದರು.

“ಒಬ್ಬ ಗುರು ಇದ್ದರು. ಅವರಿಗೆ ಒಬ್ಬ ಶಿಷ್ಯ.”

ಗುರು ಪಿಯಾನೊ ನುಡಿಸುವವರು. ಶಿಷ್ಯ ಅವರ ಹತ್ತಿರ ಎಂಟು ವರ್ಷ ಕಲಿತಿದ್ದ. ಗುರು ತೀರಿಕೊಂಡರು. ಅವರು ಹೋದ ಮೇಲೆ ಶಿಷ್ಯ ಯಾರ ಮುಂದೆಯೂ ನುಡಿಸಲಿಲ್ಲ. ಧ್ವನಿಮುದ್ರಣದ ಕೆಲಸ ಹಿಡಿದ. ಬೇರೆಯವರು ಹಾಡಿದ್ದನ್ನು, ಬೇರೆಯವರು ನುಡಿಸಿದ್ದನ್ನು ಚೊಕ್ಕ ಮಾಡಿ ಕೊಡುವ ಕೆಲಸ. ಅದರಲ್ಲಿ ಅವನಿಗೆ ಒಳ್ಳೆಯ ಹೆಸರಿತ್ತು. ಅವನ ಕೈಗೆ ಬಂದದ್ದರಲ್ಲಿ ಒಂದು ಕೆಮ್ಮೂ ಉಳಿಯುತ್ತಿರಲಿಲ್ಲ.

ಮೂವತ್ತು ವರ್ಷ ಕಳೆಯಿತು. ಒಂದು ದಿನ ಗುರುಗಳ ಹೆಂಡತಿ ಅವನನ್ನು ಕರೆಸಿದರು.

ಮನೆಯಲ್ಲಿ ಗುರುಗಳ ಪಿಯಾನೊ ಇದ್ದಲ್ಲೇ ಇತ್ತು. ಅದು ಕಡಲ ಹತ್ತಿರದ ಊರು. ಮಳೆಗಾಲದ ತೇವಕ್ಕೆ ಮರ ಉಬ್ಬುತ್ತದೆ, ಕೀಗಳು ಒತ್ತಿದಲ್ಲೇ ಸಿಕ್ಕಿಕೊಳ್ಳುತ್ತವೆ. ಅದಕ್ಕೆ ಇಂಥ ಊರುಗಳಲ್ಲಿ ಪಿಯಾನೊದ ಹೊಟ್ಟೆಯೊಳಗೆ ಒಂದು ಬಲ್ಬು ಹಾಕಿ, ಆರಿಸದೆ ಉರಿಸುತ್ತಾರೆ. ಅದರ ಬಿಸಿಗೆ ಮರ ಒಣಗಿರುತ್ತದೆ. ನುಡಿಸುವವರು ಹೋದ ಮೇಲೂ ಆ ಹೆಂಗಸು ಬಲ್ಬು ಆರಿಸಿರಲಿಲ್ಲ.

ಅವರು ಹೇಳಿದರು. “ನನ್ನ ಕಿವಿ ಹೋಗುತ್ತಾ ಇದೆ. ವರ್ಷದೊಳಗೆ ಪೂರ್ತಿ ಹೋಗುತ್ತದಂತೆ. ಅವರ ಟೇಪು ಸ್ವರದ ಪುಸ್ತಕದ ಕೊನೆಯ ಪುಟ ಬರುವ ಮೊದಲೇ ನಿಂತುಬಿಡುತ್ತದೆ. ಆ ಕೊನೆಯ ಪುಟ ಒಂದು ಸಲ ಕೇಳಬೇಕು ಅಂತ ಆಸೆ. ನಿನ್ನಿಂದ ಆಗುತ್ತದಾ?”

“ಆಗುತ್ತದೆ ಅಮ್ಮ,” ಎಂದ ಶಿಷ್ಯ.

ಗುರುಗಳದ್ದು ಎಂದು ಉಳಿದದ್ದು ಆ ಒಂದೇ ಟೇಪು. ಒಂದು ಸಭಾಂಗಣದಲ್ಲಿ ನುಡಿಸಿದ್ದು. ಹಿಂದಿನ ದಿನ ಅಭ್ಯಾಸ ಮಾಡುವಾಗ ಅದು ಟೇಪಿನ ಅಳತೆಗೆ ಸರಿಯಾಗಿ ಕೂತಿತ್ತು. ಮರುದಿನ ಗುರುಗಳು ಎಂದೂ ಇಲ್ಲದಷ್ಟು ನಿಧಾನ ನುಡಿಸಿದರು. ಕೊನೆಯ ಪುಟಕ್ಕೆ ಬರುವಾಗ ಟೇಪು ಮುಗಿದಿತ್ತು. ಆ ನಿಧಾನವೇ ಆಮೇಲೆ ದೊಡ್ಡ ಮಾತಾಯಿತು. ಬಲ್ಲವರು ಅದನ್ನು ಕೇಳಿ ತಲೆದೂಗುತ್ತಿದ್ದರು. ಇಂಥ ನಿಧಾನ ಬೇರೆ ಯಾರಿಗೂ ಬರುವುದಿಲ್ಲ ಎನ್ನುತ್ತಿದ್ದರು.

ಶಿಷ್ಯ ಟೇಪನ್ನು ಮನೆಗೆ ಒಯ್ದ. ನಿನ್ನ ಹತ್ತಿರ ಇದೆಯಲ್ಲ, ಅಂಥದೇ ಒಂದು ಸಾಫ್ಟ್‌ವೇರಿನಲ್ಲಿ ಗುರುಗಳ ನಾದ ಕಟ್ಟಲು ಕೂತ. ಟೇಪಿನಲ್ಲಿ ಇರುವಷ್ಟನ್ನು ಮೊದಲು ಸರಿಯಾಗಿ ಕಟ್ಟುವುದು. ಅದು ಕೂಡಿ ಬಂದ ಮೇಲೆ, ಅದೇ ನಾದದಲ್ಲಿ ಕೊನೆಯ ಪುಟ ನುಡಿಸಿ ಸೇರಿಸುವುದು. ಇದು ಅವನ ಲೆಕ್ಕಾಚಾರ.

“ಕೊನೆಯ ಪುಟ ಒಂದನ್ನೇ ಮಾಡಿದ್ದರೆ ಆಗುತ್ತಿತ್ತಲ್ಲ ಟೀಚರ್?” ಎಂದಳು ನಿಶ್ಮಿತಾ.

“ಅದು ನಿನಗೆ ತಿಳಿಯಿತಲ್ಲ,” ಎಂದರು ಟೀಚರ್. “ಅವನಿಗೂ ತಿಳಿದಿತ್ತು. ಸೇರಿಸಿದ್ದು ಸೇರಿಸಿದ್ದು ಅಂತ ಗೊತ್ತಾದರೆ ಏನು ಗತಿ ಅಂತ ಅವನಿಗೆ ಹೆದರಿಕೆ.”

ಟೀಚರ್ ಮುಂದುವರಿಸಿದರು.

ಸುತ್ತಿಗೆ ಒಂದು ತಿಂಗಳಿಗೆ ಸರಿಯಾಯಿತು. ಸಭಾಂಗಣ ಎರಡು ತಿಂಗಳು ಹಿಡಿಯಿತು. ಆಮೇಲೆ ಅವನು ಒಂದು ವಿಷಯ ಗಮನಿಸಿದ. ಗುರುಗಳು ಒಟ್ಟಿಗೆ ನಿಧಾನ ನುಡಿಸಿರಲಿಲ್ಲ. ಏಳು ಕಡೆ ಮಾತ್ರ ನಿಧಾನಿಸಿದ್ದರು. ಆ ಏಳು ಕಡೆಯಲ್ಲಿ ಕೈ ತಡೆದು, ಕಾದು, ಮುಂದೆ ಹೋಗಿದ್ದರು. ಪ್ರತಿ ಸಲ ನಿಧಾನಿಸುವುದಕ್ಕೆ ಸ್ವಲ್ಪ ಮೊದಲು ಒಂದು ಸಣ್ಣ ಸದ್ದು. ಕರ್ ಎಂದು ಮರದ ಸದ್ದು.

ಬೇರೆ ಯಾರದಾದರೂ ರೆಕಾರ್ಡಿಂಗ್ ಆಗಿದ್ದರೆ ಅವನು ಆ ಸದ್ದನ್ನು ಅಳಿಸಿಬಿಡುತ್ತಿದ್ದ. ಇದು ಗುರುಗಳದ್ದು. ಅಳಿಸುವುದಕ್ಕೆ ಮನಸ್ಸು ಬರಲಿಲ್ಲ. ಗುರುಗಳು ಕಾಲಿನಿಂದ ಒತ್ತುವ ಪೆಡಲ್ ಮೇಲೆ ಭಾರ ಹಾಕಿದ ಸದ್ದು ಇರಬಹುದು ಎಂದುಕೊಂಡ. ಭಾರ ಹಾಕಿ, ಉಸಿರು ಹಿಡಿದು, ಆಮೇಲೆ ನಿಧಾನಿಸುತ್ತಾರೆ. ಅವರ ಗುಟ್ಟು ಇದೇ. ಎಂಟು ವರ್ಷ ಪಕ್ಕದಲ್ಲಿ ಕೂತು ಕಲಿತರೂ ಸಿಗದ ಗುಟ್ಟು ಈಗ ಸಿಕ್ಕಿತು.

ಅವನು ಆ ಏಳು ನಿಧಾನಗಳನ್ನು ಅಳೆದ. ಏಳೂ ಬೇರೆ ಬೇರೆ. ಮೂರನೆಯದು ಎಲ್ಲಕ್ಕಿಂತ ಉದ್ದ. ಏಳನೆಯದು ಎಲ್ಲಕ್ಕಿಂತ ಸಣ್ಣದು. ಸಾಫ್ಟ್‌ವೇರಿನಲ್ಲಿ ಪೆಡಲ್ ಸದ್ದಿಗೆ ಒಂದು ಗುಂಡಿ ಇದೆ. ಅದರಿಂದ ಆ ಕರ್ ಬರಲಿಲ್ಲ. ಮನೆಯ ಬಾಗಿಲನ್ನು ರೆಕಾರ್ಡ್ ಮಾಡಿದ. ಮಂಚದ ಕಾಲನ್ನು ಮಾಡಿದ. ಗುಜರಿ ಅಂಗಡಿಗೆ ಹೋಗಿ ಹಳೆಯ ಮರದ ಕುರ್ಚಿಗಳ ಮೇಲೆ ಒಂದೊಂದಾಗಿ ಕೂತು ಎದ್ದ. ಅಂಗಡಿಯವನು, “ಸ್ವಾಮಿ, ಕೂರುವುದಕ್ಕೋ, ಏಳುವುದಕ್ಕೋ?” ಎಂದು ಕೇಳಿದ. “ಏಳುವುದಕ್ಕೆ,” ಎಂದ ಶಿಷ್ಯ.

ತಿಂಗಳಿಗೊಮ್ಮೆ ಅವನು ಗುರುಗಳ ಮನೆಗೆ ಹೋಗುತ್ತಿದ್ದ. ಬರಿಗೈಯಲ್ಲಿ ಹೋಗುತ್ತಿರಲಿಲ್ಲ. ಪಿಯಾನೊಗೆ ಬೇಕಾದ, ಬಿಸಿಯಾಗುವ ಹಳೆಯ ಬಲ್ಬು ಈಗ ಸುಲಭಕ್ಕೆ ಸಿಗುವುದಿಲ್ಲ. ಎಲ್ಲಿಂದಲೋ ಹುಡುಕಿ ತರುತ್ತಿದ್ದ.

“ಆಯಿತಾ ಮಗಾ?” ಎಂದು ಅವರು ಕೇಳುವರು.

“ಹತ್ತಿರ ಬಂದಿದೆ ಅಮ್ಮ.”

“ಆದಷ್ಟು ಕೇಳಿಸು.”

“ಅರ್ಧಂಬರ್ಧ ಆದದ್ದನ್ನು ಗುರುಗಳದ್ದು ಅಂತ ಹೇಗೆ ಕೇಳಿಸಲಿ?”

ಅವರು ಒತ್ತಾಯ ಮಾಡುತ್ತಿರಲಿಲ್ಲ. ಬಲ್ಬು ತೆಗೆದಿಟ್ಟುಕೊಂಡು ಕಾಫಿ ಮಾಡಿ ಕೊಡುವರು.

ಮೊದಲು ಅವರಿಗೆ ಕರೆಗಂಟೆ ಕೇಳಿಸದಾಯಿತು. ಅವನು ಬಾಗಿಲು ಬಡಿಯತೊಡಗಿದ. ಆಮೇಲೆ ಕುಕ್ಕರಿನ ಸೀಟಿ ಹೋಯಿತು. ಒಂದು ತಿಂಗಳು ಅವನು ಹೋದಾಗ, “ಈಗ ಬೆಳಗ್ಗೆ ಹಕ್ಕಿಗಳು ಬರುವುದಿಲ್ಲ,” ಎಂದರು. ಅವರು ಹಾಗೆ ಹೇಳುವಾಗ ಹಕ್ಕಿಗಳು ಹೊರಗೆ ಕೂಗುತ್ತಿದ್ದವು. ಅವನು ಮನೆಗೆ ಬಂದು ಅವಸರದಲ್ಲಿ ಕೂತ. ಅವಸರದಲ್ಲಿ ಒಂದು ಕಡೆ ತಪ್ಪಾಯಿತು. ತಪ್ಪಾದ್ದರಿಂದ ಮೊದಲಿನಿಂದ ಶುರು ಮಾಡಿದ. ಅವರ ಕಿವಿಯಲ್ಲಿ ಎಷ್ಟು ಉಳಿದಿದೆಯೋ ಎಂದು ಯೋಚಿಸುವುದು, ಆ ಯೋಚನೆಯಲ್ಲೇ ಒಂದು ಸ್ವರ ತಪ್ಪುವುದು, ಮತ್ತೆ ಮೊದಲಿನಿಂದ. ಊಟದ ಮುಂದೆ ಕೂತರೂ ಬೆರಳು ತಟ್ಟೆಯ ಅಂಚಿನಲ್ಲಿ ಆ ಏಳು ನಿಧಾನಗಳನ್ನು ಎಣಿಸುತ್ತಿತ್ತು.

ಹನ್ನೊಂದನೇ ತಿಂಗಳಿಗೆ ಕೂಡಿ ಬಂತು.

“ಬಂತಾ?” ನಿಶ್ಮಿತಾ ಮುಂದಕ್ಕೆ ಬಾಗಿದಳು. “ಸರಿಯಾಗಿ ಬಂತಾ ಟೀಚರ್?”

“ಬಂತು. ಕೂದಲೆಳೆಯಷ್ಟು ವ್ಯತ್ಯಾಸವಿಲ್ಲದೆ ಬಂತು. ಸಾಫ್ಟ್‌ವೇರಿನ ಮೇಲೆ ತಪ್ಪು ಹಾಕುವ ಕತೆ ಅಲ್ಲ ಇದು.”

ಅದೇ ಕಸುಬಿನ ಇಬ್ಬರನ್ನು ಕರೆದು ಅವನು ಎರಡನ್ನೂ ಕೇಳಿಸಿದ. ಟೇಪು ಯಾವುದು, ಅವನು ಕಟ್ಟಿದ್ದು ಯಾವುದು ಎಂದು ಹೇಳಲು ಅವರಿಗೆ ಆಗಲಿಲ್ಲ. ಆಮೇಲೆ ಅವನು ಕೊನೆಯ ಪುಟ ನುಡಿಸಿದ. ಗುರುಗಳ ನಾದ, ಗುರುಗಳ ಸಭಾಂಗಣ. ಅಲ್ಲೂ ಒಂದು ಕಡೆ ಗುರುಗಳು ನಿಧಾನಿಸುತ್ತಿದ್ದರು ಎಂದು ಅವನಿಗೆ ಅನ್ನಿಸಿತು. ಏಳನ್ನೂ ಎದುರಿಗಿಟ್ಟು ಯೋಚಿಸಿದ. ಕೊನೆಯ ಪುಟದ ನಡುವೆ ಒಂದು ಜಾಗ ಆರಿಸಿದ. ಮೊದಲು ಕರ್ ಎಂಬ ಸದ್ದು, ಆಮೇಲೆ ನಿಧಾನ. ಎಂಟನೆಯದು. ಅದನ್ನು ಕೇಳಿ ಅವನಿಗೇ ಕಣ್ಣೀರು ಬಂತು. ಗುರುಗಳು ಎದುರಿಗೆ ಕೂತು ನುಡಿಸಿದ ಹಾಗಿತ್ತು.

ಮರುದಿನ ಬೆಳಿಗ್ಗೆ ಸ್ಪೀಕರ್ ಹೊತ್ತುಕೊಂಡು ಗುರುಗಳ ಮನೆಗೆ ಹೋದ. ಅಮ್ಮನನ್ನು ಕುರ್ಚಿಯಲ್ಲಿ ಕೂರಿಸಿದ. ತಾನು ಕಟ್ಟಿದ್ದನ್ನು ಹಾಕಿದ.

ಅವರು ಕಣ್ಣು ಮುಚ್ಚಿ ಕೇಳಿದರು. ಸ್ವಲ್ಪ ಹೊತ್ತಿಗೆ, “ಎಡಗೈ ಅವರದ್ದೇ,” ಎಂದರು. ಇನ್ನೂ ಸ್ವಲ್ಪ ಕೇಳಿದರು. “ಬಲಗೈ ಎಲ್ಲಿ ಹೋಯಿತು?”

ಅವನು ಗಾಬರಿಯಾಗಿ ಸ್ಪೀಕರಿನ ತಂತಿ ನೋಡಿದ. ತಂತಿ ಸರಿಯಾಗಿತ್ತು. ಬಲಗೈ ಅವನಿಗೆ ಸ್ಪಷ್ಟವಾಗಿ ಕೇಳುತ್ತಿತ್ತು. ಆಗ ಅವನಿಗೆ ಅರ್ಥವಾಯಿತು. ಮೇಲಿನ ಸ್ವರಗಳು ಅವರ ಕಿವಿಯಿಂದ ಆಗಲೇ ಹೋಗಿದ್ದವು. ಕರೆಗಂಟೆ ಹೋದ ದಾರಿಯಲ್ಲಿ, ಹಕ್ಕಿಗಳು ಹೋದ ದಾರಿಯಲ್ಲಿ. ಆರು ತಿಂಗಳ ಹಿಂದೆ ಬಂದಿದ್ದರೆ ಇದ್ದವು.

ಅವನು ನಿಲ್ಲಿಸಲು ಕೈ ಹಾಕಿದ. ಬೇಡ ಎಂದು ಅವರು ಸನ್ನೆ ಮಾಡಿದರು. ಟೇಪಿನ ಭಾಗ ಮುಗಿಯಿತು. ಕೊನೆಯ ಪುಟ ಬಂತು. ಅವರ ಮುಖ ತಿಳಿಯಾಯಿತು. ಬೆರಳು ಸೀರೆಯ ನೆರಿಗೆಯ ಮೇಲೆ ಆಡಿತು. ನಡುವಿನ ಆ ಜಾಗ ಬಂತು. ಕರ್ ಎಂದಿತು. ನಾದ ನಿಧಾನಿಸಿತು.

ಅವರು ಕಣ್ಣು ಬಿಟ್ಟರು.

“ಇಲ್ಲಿ ಯಾಕೆ ಕಾದರು? ಇಲ್ಲಿ ತಿರುವುವುದಕ್ಕೆ ಹಾಳೆಯೇ ಇಲ್ಲವಲ್ಲ.”

“ಹಾಳೆಯಾ ಅಮ್ಮ?” ಎಂದ ಅವನು.

ಅವರು ಎದ್ದು ಪಿಯಾನೊದ ಮೇಲಿದ್ದ ಸ್ವರದ ಪುಸ್ತಕ ತಂದರು. ಗುರುಗಳು ಅಂದು ನುಡಿಸಿದ ಅದೇ ಪುಸ್ತಕ. ತೆರೆದು ಅವನ ತೊಡೆಯ ಮೇಲೆ ಇಟ್ಟರು. ಅವನು ಈ ಹನ್ನೊಂದು ತಿಂಗಳು ಟೇಪು ನೋಡಿದ್ದ, ಅಳತೆ ನೋಡಿದ್ದ, ಪರದೆ ನೋಡಿದ್ದ. ಪುಸ್ತಕ ನೋಡಿರಲಿಲ್ಲ. ಸ್ವರಗಳೆಲ್ಲ ಅವನಿಗೆ ಬಾಯಿಪಾಠವಾಗಿದ್ದವು. ಈಗ ಮೊದಲ ನಿಧಾನ ಎಲ್ಲಿದೆ ಎಂದು ಬೆರಳಿಟ್ಟು ಹುಡುಕಿದ. ಬಲಪುಟದ ಕೊನೆಯ ಸಾಲು. ಎರಡನೆಯದು ಮುಂದಿನ ಬಲಪುಟದ ಕೊನೆಯ ಸಾಲು. ಮೂರನೆಯದೂ ಹಾಗೇ. ಏಳು ನಿಧಾನ, ಏಳು ಹಾಳೆ. ಎಂಟನೆಯ ಹಾಳೆ ತಿರುವುವ ಮೊದಲೇ ಟೇಪು ಮುಗಿದಿತ್ತು.

“ಅವತ್ತು ಹಾಳೆ ತಿರುವಿದ್ದು ಯಾರು?” ಎಂದರು ಅವರು.

ಅವನಿಗೆ ನೆನಪಾಯಿತು. ಆಗ ಅವನಿಗೆ ಇಪ್ಪತ್ತೆರಡು. ನುಡಿಸುವವರ ಎರಡು ಕೈಯೂ ಕೀಗಳ ಮೇಲಿರುತ್ತದೆ, ಪುಸ್ತಕದ ಹಾಳೆ ಪಕ್ಕದಲ್ಲಿ ಕೂತ ಬೇರೊಬ್ಬರು ತಿರುವಬೇಕು. ಅಂದು ತಿರುವಬೇಕಾಗಿದ್ದವರಿಗೆ ಜ್ವರ ಬಂದು ಅವನನ್ನು ಗುರುಗಳ ಎಡಕ್ಕೆ ಒಂದು ಮರದ ಸ್ಟೂಲಿನ ಮೇಲೆ ಕೂರಿಸಿದ್ದರು. ಹಾಳೆಯ ಮೂಲೆಯೊಂದು ನೆನಪಿತ್ತು. ಬೇರೇನೂ ನೆನಪಿರಲಿಲ್ಲ. ಗುರುಗಳು ನುಡಿಸಿದ್ದು ಸಹ ಅಂದು ಅವನ ಕಿವಿಗೆ ಬಿದ್ದಿರಲಿಲ್ಲ.

“ನೀನು ಎದ್ದಾಗೆಲ್ಲ ಸ್ಟೂಲು ಕರ್ ಅನ್ನುತ್ತಿತ್ತು,” ಎಂದರು ಅವರು. “ನಾನು ಮೂರನೇ ಸಾಲಿನಲ್ಲಿದ್ದೆ. ನಿನ್ನ ಕೈ ನಡುಗುವುದು ನನಗೆ ಕಾಣುತ್ತಿತ್ತು. ಮೂರನೇ ಸಲ ಎರಡು ಹಾಳೆ ಒಟ್ಟಿಗೆ ಹಿಡಿದೆ. ಬಿಡಿಸುವಷ್ಟು ಹೊತ್ತು ಅವರು ಕಾದರು. ಕೊನೆಕೊನೆಗೆ ನಿನಗೆ ಸ್ವಲ್ಪ ಧೈರ್ಯ ಬಂತು.”

“ಟೇಪು ಮುಗಿದದ್ದು ನನ್ನಿಂದಲಾ ಅಮ್ಮ?”

“ಮತ್ತೆ ಯಾರಿಂದ?”

“ಗುರುಗಳು ನನ್ನ ಹತ್ತಿರ ಒಂದು ಮಾತೂ ಹೇಳಲಿಲ್ಲ.”

“ರೆಕಾರ್ಡಿಂಗಿನವರು ಇನ್ನೊಂದು ಸಲ ನುಡಿಸೋಣ ಅಂದರು. ಇವರು ಬೇಡ ಅಂದರು. ಇವನು ಒಂದೇ ದಿನದಲ್ಲಿ ಎರಡು ಸಲ ಹೆದರುವುದು ಬೇಡ ಅಂದರು. ಮನೆಗೆ ಬಂದು ನಕ್ಕದ್ದೇ ನಕ್ಕದ್ದು. ಇವತ್ತು ನಾನು ಅವನ ತಾಳಕ್ಕೆ ನುಡಿಸಿದೆ ಅಂತ.”

ಶಿಷ್ಯ ಪುಸ್ತಕ ಮುಚ್ಚಲಿಲ್ಲ. ಏಳು ಹಾಳೆಗಳ ಮೂಲೆಗಳನ್ನು ಒಂದೊಂದಾಗಿ ಮುಟ್ಟಿದ. ಒಂದರಲ್ಲಿ ಬೆವರಿನ ಬೆರಳಿನ ಗುರುತು ಇನ್ನೂ ಇತ್ತು. ಹನ್ನೊಂದು ತಿಂಗಳು ಅವನು ಕಟ್ಟಿದ್ದು ಅದನ್ನು. ತನ್ನ ಹೆದರಿಕೆಯನ್ನು ಅಳೆದು, ತೂಗಿ, ಗುರುಗಳ ಹೆಸರಿಟ್ಟಿದ್ದ. ಸಾಲದು ಎಂದು ಕೊನೆಯ ಪುಟಕ್ಕೂ ಒಂದಷ್ಟು ಹೊಸದಾಗಿ ಮಾಡಿ ಸೇರಿಸಿದ್ದ.

“ಅಳಿಸಿ ತರುತ್ತೇನೆ ಅಮ್ಮ,” ಎಂದ. “ಆ ಸದ್ದು, ಆ ನಿಧಾನ, ಎಲ್ಲ ತೆಗೆದು ತರುತ್ತೇನೆ. ಒಂದು ತಿಂಗಳು ಕೊಡಿ.”

“ನನ್ನ ಹತ್ತಿರ ತಿಂಗಳು ಎಲ್ಲಿದೆ?” ಎಂದರು ಅವರು.

ಅವರು ಪಿಯಾನೊದ ಹತ್ತಿರ ಹೋಗಿ ಅದರ ಮೈಗೆ ಎಡ ಅಂಗೈ ಇಟ್ಟರು. ಒಳಗಿನ ಬಲ್ಬಿನಿಂದ ಮರ ಬೆಚ್ಚಗಿತ್ತು.

“ಮೊನ್ನೆ ಶ್ರುತಿ ಮಾಡುವವರು ಬಂದಿದ್ದರು. ಹೀಗೆ ಕೈ ಇಟ್ಟು ನೋಡಿದೆ. ಕಿವಿಗೆ ಬಾರದ್ದು ಕೈಗೆ ಬಂತು. ನಿನ್ನ ಆ ಡಬ್ಬಿಗೆ ಕೈ ಇಟ್ಟರೆ ಬರೀ ಗುರ್ ಅನ್ನುತ್ತದೆ. ಮೂವತ್ತು ವರ್ಷ ಈ ಬಲ್ಬು ಯಾತಕ್ಕೆ ಉರಿಸಿದೆ ಅಂದುಕೊಂಡಿದ್ದೀ? ಬಾ, ಕೂತುಕೋ. ಟೇಪು ನಿಂತ ಕಡೆಯಿಂದ ಕೊನೆಯ ಪುಟದವರೆಗೆ ನೀನು ನುಡಿಸು. ಒಂದು ಕೈ ನಾನು ಇಲ್ಲಿ ಇಟ್ಟಿರುತ್ತೇನೆ. ಇನ್ನೊಂದು ಕೈಯಲ್ಲಿ ಹಾಳೆ ತಿರುವುತ್ತೇನೆ.”

“ಗುರುಗಳ ಹಾಗೆ ನನಗೆ ಬರುವುದಿಲ್ಲ ಅಮ್ಮ.”

“ಗುರುಗಳು ಯಾರ ಹಾಗೆ ನುಡಿಸಿದರು ಅಂತ ಈಗ ತಾನೇ ಹೇಳಿದೆನಲ್ಲ.”

ಅವರು ಪಿಯಾನೊದ ಮುಂದಿದ್ದ ಸ್ಟೂಲನ್ನು ಅವನ ಕಡೆಗೆ ತಳ್ಳಿದರು.

ಎಸ್ತೇರ್ ಟೀಚರ್ ಅಲ್ಲಿಗೆ ನಿಲ್ಲಿಸಿದರು. ಕನ್ನಡಕ ಹಾಕಿಕೊಂಡರು. ಹೊರಗೆ ಮೀನಿನವನ ಹಾರ್ನು ಎರಡು ಸಲ ಕೇಳಿ ದೂರವಾಯಿತು. ನಿಶ್ಮಿತಾ ಮುಂದಿನ ಮಾತಿಗೆ ಕಾದಳು.

“ಆಮೇಲೆ?” ಎಂದಳು.

“ಕತೆ ಅಷ್ಟೇ.”

“ಅವನು ನುಡಿಸಿದನಾ ಟೀಚರ್?”

ಟೀಚರ್ ತಾವು ಕೂತಿದ್ದ ಕುರ್ಚಿಯನ್ನು ಎಳೆದುಕೊಂಡು ಪಿಯಾನೊದ ಎಡಕ್ಕೆ ಬಂದು ಕೂತರು. ಸ್ಟ್ಯಾಂಡಿನ ಮೇಲಿದ್ದ ಪುಸ್ತಕದ ಮೊದಲ ಪುಟ ತೆರೆದರು. ಹಾಳೆಯ ಮೇಲಿನ ಮೂಲೆಯನ್ನು ಎರಡು ಬೆರಳಿನಲ್ಲಿ ಹಿಡಿದರು. ನಿಶ್ಮಿತಾಳ ಎಡಗೈ ಕೀಗಳ ಮೇಲಿತ್ತು. ಬಲಗೈ ಯಾವಾಗಲೋ ಮತ್ತೆ ಕಿವಿಗೆ ಹೋಗಿತ್ತು.

“ಆ ಬಲಗೈ ಕಿವಿಯಿಂದ ಇಳಿಸು ಮಗಾ, ಉತ್ತರವನ್ನು ನಾನೂ ಕೇಳಬೇಕು.”